ಅಜ್ಜಿ ಆಡಿ ಕೊಟ್ಟ ಅಂಕಪಟ್ಟಿ

ನೋಕಿಯಾ 1100 ಎಂಬ ಫೋನು ನೆನಪಿದೆಯೇ? ನೆತ್ತಿಯ ಮೇಲೆ ಪುಟ್ಟ ಟಾರ್ಚ್ ಇತ್ತಲ್ಲ, ಅದೇ. ಕರೆಂಟು ಹೋದಾಗ ಅದನ್ನು ಹಿಡಿದು ಮೆಟ್ಟಿಲಿಳಿದವರು ಈ ಪುಟ ಓದುವ ಅಜ್ಜ-ಅಜ್ಜಿಯರಲ್ಲಿ ಬಹಳ ಮಂದಿ ಇರಬೇಕು. ಅದರಲ್ಲೇ ಒಂದು ಹಾವಿನ ಆಟವೂ ಇತ್ತು ಎಂದರೆ ಮಾತ್ರ ಈಗ ಎಲ್ಲರೂ ಬೇರೆ ಕಡೆ ನೋಡುತ್ತಾರೆ! ಬಸ್ಸಿಗೆ ಕಾಯುವಾಗ, ಆಸ್ಪತ್ರೆಯ ಬೆಂಚಿನ ಮೇಲೆ, ಮದುವೆಮನೆಯಲ್ಲಿ ಎಲೆ ಹಾಕುವ ತನಕ, ತಲೆ ನೆರೆತವರೂ ಆ ಹಾವಿಗೆ ಚುಕ್ಕಿ ತಿನ್ನಿಸುತ್ತಾ ಕೂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫಿನ್ಲೆಂಡಿನ ತಾನೇಲಿ ಅರ್ಮಾಂಟೊ ಎಂಬ ಎಂಜಿನಿಯರ್ ಆ ಆಟವನ್ನು ಫೋನಿಗೆ ತಂದರು. 1997ರಲ್ಲಿ ನೋಕಿಯಾ 6110 ಫೋನಿನಲ್ಲಿ ಅದು ಮೊದಲು ಕಾಣಿಸಿತು. ಹಾವು ತಿಂದಷ್ಟೂ ಉದ್ದವಾಗುತ್ತದೆ. ತನ್ನ ಮೈಗೆ ತಾನೇ ತಾಗಿದರೆ ಆಟ ಮುಗಿಯಿತು. ಫೋನನ್ನು ಜೇಬಿಗೆ ಹಾಕಿ ಎದ್ದು ಹೋಗಬಹುದು. ಈ ‘ಎದ್ದು ಹೋಗಬಹುದು’ ಎಂಬುದನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಈ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಗೇಮ್ ಪಂಚಾಯಿತಿಗೆ ಬಂತು. ಮಗಳು ಮತ್ತು ಅಳಿಯ ಬೆಂಗಳೂರಿನಲ್ಲಿದ್ದಾರೆ. ಎಂಟನೇ ತರಗತಿ ಮುಗಿಸಿದ ಮೊಮ್ಮಗ, ನಾಲ್ಕು ಮುಗಿಸಿದ ಮೊಮ್ಮಗಳು ರಜೆಗೆ ಸಾಗರಕ್ಕೆ ಬಂದರು. ಬಟ್ಟೆಯ ಚೀಲದ ಜೊತೆಗೆ ಒಂದು ಹಳೆಯ ಫೋನು, ಒಂದು ಟ್ಯಾಬ್, ಮತ್ತು ಸೋದರಮಾವ ಹೊರದೇಶದಿಂದ ತಂದುಕೊಟ್ಟ ನಿಂಟೆಂಡೊ ಸ್ವಿಚ್ ಎಂಬ ಯಂತ್ರವೂ ಬಂತು. ಮಗಳು ನನ್ನನ್ನು ಅಡುಗೆಮನೆಗೆ ಕರೆದು, “ಅಮ್ಮಾ, ನಂಗೆ ಎಲ್ಲಾ ತೆಗೆದು ಹಾಕೋಣ ಅನ್ಸುತ್ತೆ. ಇವ್ರು ಬೇಡ ಅಂತಾರೆ. ದಿನಾ ಇದೇ ಜಗಳ. ಯಾವುದು ಇರಬೇಕು, ಯಾವುದು ಹೋಗಬೇಕು ನೀನೇ ಹೇಳು. ನಿನ್ನ ಮಾತೇ ಕೊನೆ” ಎಂದಳು.

ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಉತ್ತರಪತ್ರಿಕೆ ಓದದೆ ಅಂಕ ಹಾಕುವ ಅಭ್ಯಾಸವಿಲ್ಲ. “ಒಂದೊಂದಾಗಿ ಆಡಿ ನೋಡಿ ಹೇಳ್ತೀನಿ” ಎಂದೆ. ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದೆ. ಮೊಮ್ಮಗಳು ಕುಣಿದಳು. ಮೊಮ್ಮಗನ ಮುಖ ಸಣ್ಣದಾಯಿತು. ಅದೇಕೆಂದು ಆಗ ತಿಳಿಯಲಿಲ್ಲ.

ಮೊದಲು ಸ್ವಿಚ್. ಗೊತ್ತಿಲ್ಲದ ಹಿರಿಯರಿಗೆ ಹೇಳುತ್ತೇನೆ: ಇಂಥವನ್ನು ಕನ್ಸೋಲ್ ಎನ್ನುತ್ತಾರೆ, ಆಟಕ್ಕೆಂದೇ ಮಾಡಿದ ಕಂಪ್ಯೂಟರ್. ನಡುವೆ ಪರದೆ, ಎಡಬಲದಲ್ಲಿ ಎರಡು ಹಿಡಿಗಳು. ಹಿಡಿಗಳನ್ನು ಕಿತ್ತು ಇಬ್ಬರು ಒಂದೊಂದು ಹಿಡಿದುಕೊಳ್ಳಬಹುದು, ಟಿವಿಗೂ ಜೋಡಿಸಬಹುದು. 2017ರಲ್ಲಿ ಬಂದದ್ದು. ಅದನ್ನು ಮಾಡಿದ ನಿಂಟೆಂಡೊ ಕಂಪನಿ ಹುಟ್ಟಿದ್ದು ಯಾವಾಗ ಹೇಳಿ, ಮಕ್ಕಳೇ? 1889ರಲ್ಲಿ! ಜಪಾನಿನ ಕ್ಯೋಟೊ ಊರಿನಲ್ಲಿ ಫುಸಾಜಿರೊ ಯಮಾವುಚಿ ಎಂಬವರು ಹನಫುದ ಎಂಬ ಇಸ್ಪೀಟು ಎಲೆಗಳನ್ನು ಕೈಯಿಂದ ಮಾಡಿಸಿ ಮಾರಲು ಶುರುಮಾಡಿದ ಅಂಗಡಿ ಅದು. ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಗಿಡ-ಹೂಗಳು, ಒಂದೊಂದಕ್ಕೆ ನಾಲ್ಕು ಎಲೆ, ಒಟ್ಟು 48. ನಮ್ಮ ಮೈಸೂರಿನ ಗಂಜೀಫಾ ಎಲೆಗಳನ್ನು ನೋಡಿದವರಿಗೆ ಆ ಅಂಗಡಿಯ ಚಿತ್ರ ಕಣ್ಣಮುಂದೆ ಬಂದೀತು.

ಅದೇ ಕಂಪನಿಯ ಹಳೆಯ ಆಟ ‘ಸೂಪರ್ ಮಾರಿಯೊ ಬ್ರದರ್ಸ್’, 1985ರದ್ದು, ಈ ಹೊಸ ಯಂತ್ರದಲ್ಲೂ ಸಿಗುತ್ತದೆ. ಶಿಗೆರು ಮಿಯಾಮೊಟೊ ಅದರ ಮುಖ್ಯ ಕರ್ತೃ. ಕ್ಯೋಟೊ ಬಳಿಯ ಸೊನೊಬೆ ಎಂಬ ಊರಿನಲ್ಲಿ ಬೆಳೆದ ಅವರು ಚಿಕ್ಕವರಿದ್ದಾಗ ಸುತ್ತಲಿನ ಗುಡ್ಡ, ಗುಹೆ ಹೊಕ್ಕು ಬರುತ್ತಿದ್ದರಂತೆ. ಆಟ ಶುರುವಾದಾಗ ಮಾರಿಯೊ ಪರದೆಯ ಎಡಭಾಗದಲ್ಲಿ ಬಲಕ್ಕೆ ಮುಖ ಮಾಡಿ ನಿಂತಿರುತ್ತಾನೆ. ಬಲಗಡೆ ಎಲ್ಲಾ ಬಯಲು. ಯಾರೂ ಹೇಳದೆಯೇ ಬಲಕ್ಕೆ ಹೋಗಬೇಕೆಂದು ತಿಳಿಯುತ್ತದೆ. ಎದುರಿನಿಂದ ಹುಬ್ಬು ಗಂಟಿಕ್ಕಿದ ಗೂಂಬಾ ಎಂಬ ಪ್ರಾಣಿ ಬಂತು. ನಾನು ನೋಡುತ್ತಾ ನಿಂತೆ. ಮಾರಿಯೊ ಸತ್ತ. ಆದರೆ ಸತ್ತದ್ದು ಆಟದ ಬಾಗಿಲಲ್ಲೇ ತಾನೇ? ಕಳೆದುಕೊಂಡದ್ದು ನಾಲ್ಕು ಹೆಜ್ಜೆ ಮಾತ್ರ. ಎರಡನೇ ಸಲ ಹಾರಿದೆ. ಮೇಲಿದ್ದ ಪ್ರಶ್ನೆಚಿಹ್ನೆಯ ಇಟ್ಟಿಗೆಗೆ ತಲೆ ಬಡಿಯಿತು, ನಾಣ್ಯ ಬಂತು. ಇನ್ನೊಂದಕ್ಕೆ ಬಡಿದೆ, ಅಣಬೆ ಬಂತು. ಅಣಬೆ ಅಪಾಯವೋ ಉಪಕಾರವೋ ಗೊತ್ತಿಲ್ಲ. ಅದು ಬಲಕ್ಕೆ ಜಾರಿಹೋಗಿ, ಅಲ್ಲಿದ್ದ ಕೊಳವೆಗೆ ತಾಗಿ, ತಿರುಗಿ ನನ್ನ ಕಡೆಗೇ ಬಂತು. ತಪ್ಪಿಸಿಕೊಳ್ಳೋಣವೆಂದರೆ ತಲೆಯ ಮೇಲೆ ಇಟ್ಟಿಗೆಯ ಸಾಲು. ತಾಗಿಯೇಬಿಟ್ಟಿತು. ಮಾರಿಯೊ ಸಾಯಲಿಲ್ಲ, ದೊಡ್ಡವನಾದ!

ಇದನ್ನು ನೋಡಿ ನಾನು ಹಿಡಿ ಕೆಳಗಿಟ್ಟು ಒಂದು ನಿಮಿಷ ಸುಮ್ಮನೆ ಕೂತೆ. ಅಕ್ಷರವಿಲ್ಲ, ಉಪದೇಶವಿಲ್ಲ. ಕೊಳವೆಯನ್ನು ಅಲ್ಲಿ ಇಟ್ಟದ್ದೇ ಅಣಬೆ ಹಿಂದಿರುಗಿ ಬರಲಿ ಎಂದು. ಬಿ.ಎಡ್. ಮಾಡುವಾಗ ನಾವು ಎಷ್ಟೊಂದು ಪಾಠಯೋಜನೆ ಬರೆದಿದ್ದೇವೆ! ಇಷ್ಟು ಚೆನ್ನಾಗಿ ಬರೆದದ್ದು ನನಗೆ ನೆನಪಿಲ್ಲ.

ಮಾರಿಯೊವಿಗೆ ಮೀಸೆ ಏಕೆ, ಟೋಪಿ ಏಕೆ ಎಂದು ಮೊಮ್ಮಗಳು ಕೇಳಿದಳು. ಅವನು ಮೊದಲು ಕಾಣಿಸಿಕೊಂಡದ್ದು 1981ರ ‘ಡಾಂಕಿ ಕಾಂಗ್’ ಆಟದಲ್ಲಿ. ಆಗಿನ ಪರದೆಯಲ್ಲಿ ಒಂದು ಮುಖಕ್ಕೆ ಸಿಗುತ್ತಿದ್ದ ಚೌಕಗಳು ಬೆರಳೆಣಿಕೆಯಷ್ಟು. ಬಾಯಿ ಬರೆಯಲು ಜಾಗವಿಲ್ಲ, ಮೂಗು ಎದ್ದು ಕಾಣಬೇಕು, ಅದಕ್ಕೆ ಮೀಸೆ. ಕೂದಲು ಬರೆಯುವುದು ಕಷ್ಟ, ಅದಕ್ಕೆ ಟೋಪಿ. ಮಕ್ಕಳೇ, ಮುಂದಿನ ಸಲ ಆ ಹಳೆಯ ಮಾರಿಯೊ ಆಡುವಾಗ ಆಕಾಶದ ಮೋಡವನ್ನೂ ನೆಲದ ಪೊದೆಯನ್ನೂ ಸರಿಯಾಗಿ ನೋಡಿ. ಎರಡೂ ಒಂದೇ ಚಿತ್ರ! ಬಣ್ಣ ಮಾತ್ರ ಬೇರೆ. ಇಡೀ ಆಟ ಕೂತಿದ್ದು 40 ಕಿಲೋಬೈಟ್ ಜಾಗದಲ್ಲಿ. ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೊ ಅದರ ಹತ್ತಾರು ಪಟ್ಟು ದೊಡ್ಡದು. ಅಳೆದು ಸುರಿದು ಅಡುಗೆ ಮಾಡಿದವರಿಗೆ ಈ ಸಂಸಾರ ಅರ್ಥವಾಗುತ್ತದೆ. ಅಂದಹಾಗೆ, ಮೊದಲ ಹಂತದ ಬಾವುಟ ಮುಟ್ಟುವ ಮುಂಚೆ ನಾನು ಸತ್ತದ್ದು ಹನ್ನೊಂದು ಸಲ. ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.

‘ಮಾರಿಯೊ ಕಾರ್ಟ್ 8 ಡಿಲಕ್ಸ್’ ಎಂಬ ಕಾರಿನ ಪಂದ್ಯಕ್ಕೆ ನಮ್ಮ ಮನೆಯವರೂ ಬಂದು ಕೂತರು. ನಲವತ್ತು ವರ್ಷ ಚೇತಕ್ ಸ್ಕೂಟರ್ ಓಡಿಸಿದ ಹೆಮ್ಮೆ ಅವರದು. ಮೊದಲ ಸುತ್ತಿನಲ್ಲೇ ಐದು ಸಲ ರಸ್ತೆಯಿಂದ ಹೊರಗೆ ಬಿದ್ದರು. ಮೊಮ್ಮಗಳು ಸದ್ದಿಲ್ಲದೆ ಏನೋ ಒತ್ತಿದಳು. ಆಮೇಲೆ ಅವರ ಕಾರು ಬೀಳಲೇ ಇಲ್ಲ. ರಸ್ತೆಯ ಅಂಚಿಗೆ ಹೋದರೆ ಆಟವೇ ಚಕ್ರ ತಿರುಗಿಸಿ ಒಳಗೆ ತರುವ ಏರ್ಪಾಡು ಅದರಲ್ಲಿದೆ. ವೇಗದ ಗುಂಡಿ ಒತ್ತಿ ಹಿಡಿಯದೆಯೇ ಕಾರು ಓಡುವ ಏರ್ಪಾಡೂ ಇದೆ. ಬೆರಳು ನೋಯುವವರು, ಕೈ ನಡುಗುವವರು ಇದನ್ನು ಕೇಳಿ ಹಾಕಿಸಿಕೊಳ್ಳಿ. ಇನ್ನೊಂದು ವಿಶೇಷ: ಹಿಂದೆ ಬಿದ್ದವರಿಗೆ ಒಳ್ಳೆಯ ಆಯುಧ, ಮುಂದಿರುವವರಿಗೆ ಬಾಳೆಹಣ್ಣಿನ ಸಿಪ್ಪೆಯಂಥ ಸಣ್ಣಪುಟ್ಟ ಸಾಮಾನು. ಮುಂದಿದ್ದವನನ್ನೇ ಹುಡುಕಿಕೊಂಡು ಹೋಗಿ ಹೊಡೆಯುವ ನೀಲಿ ಚಿಪ್ಪೊಂದಿದೆ. ಮೊಮ್ಮಗನಿಗೆ ಇದು ಅನ್ಯಾಯ. ಒಂಬತ್ತು ವರ್ಷದವಳೂ ಎಪ್ಪತ್ತನಾಲ್ಕು ವರ್ಷದವರೂ ಒಂದೇ ಪಂದ್ಯದಲ್ಲಿ ಓಡಿ, ಕೊನೆಯ ತಿರುವಿನ ತನಕ ಯಾರು ಗೆಲ್ಲುತ್ತಾರೋ ಗೊತ್ತಾಗದಿರುವುದು ನನಗಂತೂ ನ್ಯಾಯವೇ. ಚೌಕಾಬಾರದ ಕವಡೆಗೆ ಈ ದಯೆ ಇಲ್ಲ. ಹಣ್ಣಾಗಬೇಕಾದ ಕಾಯಿ ಹೊಡೆಸಿಕೊಂಡು ಮನೆಗೆ ಬಂದರೆ ಮತ್ತೆ ಮೊದಲಿನಿಂದಲೇ.

ಚೌಕಾಬಾರ ಎಂದಾಗ ಫೋನಿನ ಲೂಡೊ ನೆನಪಾಯಿತು. ನಮ್ಮ ಪಗಡೆಯ ವಂಶದ ಆಟವೇ ಇಂಗ್ಲೆಂಡಿಗೆ ಹೋಗಿ, ಕವಡೆ ಬಿಟ್ಟು ದಾಳ ಹಿಡಿದು, 1896ರಲ್ಲಿ ಲೂಡೊ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆಯಿತು. 2016ರಲ್ಲಿ ನಮ್ಮ ದೇಶದ್ದೇ ಕಂಪನಿಯೊಂದು ‘ಲೂಡೊ ಕಿಂಗ್’ ಎಂದು ಫೋನಿಗೆ ತಂದಿತು. 2020ರ ಲಾಕ್‌ಡೌನ್‌ನಲ್ಲಿ ಅದನ್ನು ಆಡದ ಮನೆ ನಮ್ಮ ಬೀದಿಯಲ್ಲಿ ಇರಲಿಲ್ಲ. ಮೊಮ್ಮಗಳ ದೂರು: “ಅಜ್ಜಿ, ಫೋನು ಮೋಸ ಮಾಡ್ತಿದೆ. ಹತ್ತು ಸಲ ಆದ್ರೂ ನಂಗೆ ಆರು ಬಿದ್ದಿಲ್ಲ.” ಲೆಕ್ಕ ಹಾಕೋಣ ಎಂದೆ. ಒಮ್ಮೆ ಎಸೆದಾಗ ಆರು ಬೀಳದಿರುವ ಸಾಧ್ಯತೆ ಆರರಲ್ಲಿ ಐದು. ಅದನ್ನು ಹತ್ತು ಸಲ ಗುಣಿಸಿದರೆ ಸುಮಾರು 0.16. ಅಂದರೆ ನೂರು ಜನ ಹತ್ತತ್ತು ಸಲ ದಾಳ ಹಾಕಿದರೆ ಅವರಲ್ಲಿ ಹದಿನಾರು ಮಂದಿ ಆರು ಕಾಣದೆ ಅಳುತ್ತಾ ಕೂತಿರುತ್ತಾರೆ. ನಂಬಲಿಲ್ಲ. ಮರದ ದಾಳ ತಂದು ಮಧ್ಯಾಹ್ನವೆಲ್ಲ ಎಸೆದು ಬರೆದುಕೊಂಡಳು. ಮರದ ದಾಳವೂ ಮೋಸ ಮಾಡಿತು.

ಗಣಿತದವಳಿಗೆ ಹಬ್ಬವಾದದ್ದು ಟೆಟ್ರಿಸ್. ಮಾಸ್ಕೋದಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿದ್ದ ಅಲೆಕ್ಸೀ ಪಜಿಟ್ನೊವ್ 1984ರಲ್ಲಿ ಇದನ್ನು ಮಾಡಿದರು. ಅವರ ಎಲೆಕ್ಟ್ರಾನಿಕಾ 60 ಯಂತ್ರಕ್ಕೆ ಚಿತ್ರ ಬರೆಯಲು ಬರುತ್ತಿರಲಿಲ್ಲ, ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿದರು. ಐದೈದು ಚೌಕಗಳ ತುಂಡುಗಳನ್ನು ಪೆಟ್ಟಿಗೆಯಲ್ಲಿ ಹೊಂದಿಸುವ ಹಳೆಯ ಆಟವೊಂದು ಅವರಿಗೆ ಇಷ್ಟ. ಐದನ್ನು ನಾಲ್ಕು ಮಾಡಿದಾಗ ಏಳು ಆಕಾರಗಳು ಸಿಕ್ಕವು. ಗ್ರೀಕಿನ ‘ನಾಲ್ಕು’ ಎಂಬ ಪದಕ್ಕೆ ತಮಗೆ ಪ್ರಿಯವಾದ ಟೆನಿಸ್ ಸೇರಿಸಿ ಟೆಟ್ರಿಸ್ ಎಂದರು. 1989ರಲ್ಲಿ ನಿಂಟೆಂಡೊದ ಗೇಮ್ ಬಾಯ್ ಜೊತೆ ಅದು ಲೋಕವೆಲ್ಲ ಸುತ್ತಿತು. ಹಕ್ಕು ಸರಕಾರದ್ದಾಗಿದ್ದರಿಂದ ಪಜಿಟ್ನೊವ್ ಅವರಿಗೆ ಗೌರವಧನ ಬರತೊಡಗಿದ್ದು 1996ರ ಆಚೆಗೆ! ಆ ಕಾಲದ ಒಂದು ಆವೃತ್ತಿಯನ್ನು ಯಂತ್ರವೇ ಕೈಚೆಲ್ಲಿ ನಿಲ್ಲುವ ತನಕ ಯಾವ ಮನುಷ್ಯನೂ ಆಡಿರಲಿಲ್ಲ. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ಅದನ್ನು ಮಾಡಿದ, 157ನೇ ಹಂತದಲ್ಲಿ.

ಫೋನು ಇಲ್ಲದೆಯೂ ಆಡಬಹುದಾದ ಒಂದು ಟೆಟ್ರಿಸ್ ಲೆಕ್ಕ ಕೊಡುತ್ತೇನೆ, ಮಕ್ಕಳೇ. ಏಳು ತುಂಡುಗಳನ್ನು ಗ್ರಾಫ್ ಹಾಳೆಯಲ್ಲಿ ಬರೆದು ಕತ್ತರಿಸಿ. ಏಳು ನಾಲ್ಕಲೆ ಇಪ್ಪತ್ತೆಂಟು ಚೌಕ. ಹಾಗಾದರೆ 4 ಚೌಕ ಅಗಲ, 7 ಚೌಕ ಉದ್ದದ ಆಯತವನ್ನು ಇವುಗಳಿಂದ ತುಂಬಬಹುದಲ್ಲವೇ? ಪ್ರಯತ್ನಿಸಿ. ನಮ್ಮ ಮನೆಯಲ್ಲಿ ಎರಡು ಸಂಜೆ ಹೋಯಿತು, ಕಾಫಿ ಆರಿತು, ಆಯತ ತುಂಬಲಿಲ್ಲ. ತುಂಬುವುದೂ ಇಲ್ಲ. ಕಾರಣ ಇದು: ಆಯತಕ್ಕೆ ಚದುರಂಗದ ಮಣೆಯ ಹಾಗೆ ಕಪ್ಪು-ಬಿಳುಪು ಹಚ್ಚಿ. 14 ಕಪ್ಪು, 14 ಬಿಳುಪು. ಆರು ತುಂಡುಗಳು ಎಲ್ಲಿ ಹೇಗೆ ಇಟ್ಟರೂ ಎರಡು ಕಪ್ಪು, ಎರಡು ಬಿಳುಪನ್ನು ಮುಚ್ಚುತ್ತವೆ. ಇಂಗ್ಲಿಷಿನ ‘ಟಿ’ ಅಕ್ಷರದಂಥ ತುಂಡು ಮಾತ್ರ ಒಂದು ಬಣ್ಣದ ಮೂರು, ಇನ್ನೊಂದರ ಒಂದನ್ನು ಮುಚ್ಚುತ್ತದೆ. ಕೂಡಿಸಿದರೆ 15 ಮತ್ತು 13. ಹೇಗೆ ಹೊಂದೀತು? ಇದನ್ನು ಕಂಡುಕೊಂಡ ಮೇಲೆ ಮೊಮ್ಮಗ, “ಅಜ್ಜಿ, ಇದನ್ನ ನಮ್ಮ ಮ್ಯಾತ್ಸ್ ಸರ್‌ಗೆ ಕೊಡ್ತೀನಿ, ತುಂಬಿಸಿ ಅಂತ” ಎಂದ. ಕೊಡಲಿ.

ಇಲ್ಲಿಯವರೆಗೆ ಅಂಕ ಹಾಕುವುದು ಸುಲಭವಿತ್ತು. ಟ್ಯಾಬಿನಲ್ಲಿ ಮೊಮ್ಮಗಳ ತೋಟದ ಆಟವೊಂದಿತ್ತು. ಹೆಸರು ಬೇಡ, ಅಂಥವು ನೂರಾರಿವೆ. ಹೊಲ ಉಳಬೇಕು, ಗೋಧಿ ಬಿತ್ತಬೇಕು, ಕರು ಸಾಕಬೇಕು. ಆಡಲು ಪುಕ್ಕಟೆ. ಮೊದಲ ದಿನ ಗೋಧಿ ಎರಡು ನಿಮಿಷದಲ್ಲಿ ಬೆಳೆಯಿತು. ನಾಲ್ಕನೇ ದಿನ ಅದೇ ಗೋಧಿಗೆ ನಾಲ್ಕು ಗಂಟೆ. ಕಾಯಲು ಮನಸ್ಸಿಲ್ಲದಿದ್ದರೆ ವಜ್ರ ಕೊಡಿ. ವಜ್ರ ಎಲ್ಲಿ ಸಿಗುತ್ತದೆ? ಅಂಗಡಿಯಲ್ಲಿ, ನಿಜವಾದ ದುಡ್ಡಿಗೆ. ಕೊಟ್ಟಿಗೆ ಕಟ್ಟಲು ಬೇಕಾದದ್ದು 100 ವಜ್ರ, ಸಣ್ಣ ಚೀಲದಲ್ಲಿ ಇರುವುದು 80, ಅದರ ಮುಂದಿನ ಚೀಲದಲ್ಲಿ 500. ಸಂತೆಯಲ್ಲಿ ಯಾರಾದರೂ ಹೀಗೆ ತೂಗಿ ಕೊಟ್ಟರೆ ಜಗಳವಾಗುತ್ತಿತ್ತು. ದಿನಾ ತಪ್ಪದೆ ಬಂದರೆ ಏಳನೇ ದಿನ ಪೆಟ್ಟಿಗೆ, ಒಂದು ದಿನ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ಪೆಟ್ಟಿಗೆಯಲ್ಲಿ ಏನಿದೆಯೋ ತೆರೆಯುವ ತನಕ ಗೊತ್ತಿಲ್ಲ. ರಾತ್ರಿ ಒಂಬತ್ತೂವರೆಗೆ ಟ್ಯಾಬು ಟಿಂಗ್ ಎಂದಿತು: ನಿನ್ನ ಕರು ಹಸಿದಿದೆ! ಮಲಗಿದ್ದ ಮಗು ಎದ್ದು ಕೂತಿತು.

ಬಿ. ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗವನ್ನು ತರಬೇತಿಯಲ್ಲಿ ಓದಿದ್ದೆ. ಕೊಕ್ಕಿನಿಂದ ಗುಂಡಿ ಕುಕ್ಕಿದರೆ ಕಾಳು. ಕಾಳು ಯಾವಾಗ ಬೀಳುತ್ತದೆಂದು ಗೊತ್ತಾಗದ ಹಾಗೆ ಮಾಡಿದರೆ ಪಾರಿವಾಳ ಬಿಡದೆ ಕುಕ್ಕುತ್ತದೆ, ಕಾಳು ನಿಲ್ಲಿಸಿದರೂ ಬಹಳ ಹೊತ್ತು ಕುಕ್ಕುತ್ತದೆ. ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶ 2018ರಲ್ಲಿ ಜೂಜು ಎಂದೇ ಪರಿಗಣಿಸಿತು. ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ, ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಆದರೆ ಕರುವಿನ ಕೊಟ್ಟಿಗೆಗೆ ವಜ್ರ ಕೊಳ್ಳುವುದು ಪಣವಲ್ಲವಲ್ಲ! ಅದನ್ನು ಮನೆಯವರೇ ನೋಡಿಕೊಳ್ಳಬೇಕು. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಪ್ಲೇ ಸ್ಟೋರಿನ ಸೆಟ್ಟಿಂಗ್ಸಿನಲ್ಲಿ ಮಾಡಬಹುದು. ಆ ಪಾಸ್‌ವರ್ಡ್ ಮಗುವಿಗೆ ಗೊತ್ತಿರಬಾರದು, ಅಷ್ಟೆ. ಮುಕ್ಕಾಲು ಮನೆಗಳಲ್ಲಿ ಅಜ್ಜನ ಫೋನಿನ ಪಾಸ್‌ವರ್ಡ್ ಅಜ್ಜನಿಗಿಂತ ಚೆನ್ನಾಗಿ ಗೊತ್ತಿರುವುದು ಮೊಮ್ಮಕ್ಕಳಿಗೇ.

ಆಟ ತೆಗೆಯಬೇಕಾಗುತ್ತದೆ ಎಂದಾಗ ಮೊಮ್ಮಗಳು ಅಳಲಿಲ್ಲ. “ಆಮೇಲೆ ನನ್ನ ಕರು ಏನಾಗುತ್ತೆ ಅಜ್ಜಿ?” ಎಂದು ಕೇಳಿದಳು. ಇದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಉತ್ತರವಿರಲಿಲ್ಲ. ಅದು ಬರೀ ಚಿತ್ರ ಎನ್ನಲು ಬಾಯಿ ಬರಲಿಲ್ಲ. ಅವಳು ದಿನಾ ಮೇವು ಹಾಕಿದ್ದು ನಿಜವಾಗಿಯೇ ತಾನೇ? ಇಬ್ಬರೂ ಕೂತು ಲೆಕ್ಕ ಹಾಕಿದೆವು. ದುಡ್ಡು ಕೊಡದೆ ದಿನಕ್ಕೆ ಎರಡು ವಜ್ರ ಸಿಗುತ್ತದೆ. ನೂರಕ್ಕೆ ಐವತ್ತು ದಿನ. ಕೊಟ್ಟಿಗೆಯಾದ ಮೇಲೆ ಮುಂದಿನದಕ್ಕೆ 250. “ಅಷ್ಟರಲ್ಲಿ ಶಾಲೆ ಶುರುವಾಗಿರುತ್ತೆ” ಎಂದಳು. ಎರಡು ದಿನ ಬಿಟ್ಟು ಅವಳೇ ಆಟ ತೆಗೆದಳು. ತೆಗೆಯುವ ಮುಂಚೆ ಪರದೆಯ ಮೇಲಿನ ಕರುವಿನ ಫೋಟೊ ಇಟ್ಟುಕೊಂಡಳು. ಅದು ಇನ್ನೂ ಟ್ಯಾಬಿನಲ್ಲಿದೆ.

ನಡುವೆ ಎರಡು ಒಳ್ಳೆಯ ಆಟಗಳ ಮಾತು. ‘ಮಾನ್ಯುಮೆಂಟ್ ವ್ಯಾಲಿ’ ಲಂಡನ್ನಿನ ಅಸ್‌ಟು ತಂಡದ್ದು, 2014ರದ್ದು. ಬಿಳಿ ಟೋಪಿಯ ಐಡಾ ಎಂಬ ಪುಟ್ಟ ರಾಜಕುಮಾರಿಯನ್ನು ಗೋಪುರ, ಮೆಟ್ಟಿಲುಗಳ ಮೇಲೆ ನಡೆಸಬೇಕು. ಕಟ್ಟಡವನ್ನು ಬೆರಳಿನಿಂದ ತಿರುಗಿಸಿದರೆ ದೂರವಿದ್ದ ಎರಡು ದಾರಿಗಳು ಕಣ್ಣಿಗೆ ಕೂಡಿದಂತೆ ಕಾಣುತ್ತವೆ. ಕಣ್ಣಿಗೆ ಕೂಡಿದರೆ ಸಾಕು, ಅವಳು ನಡೆದುಬಿಡುತ್ತಾಳೆ! ಡಚ್ ಕಲಾವಿದ ಎಶರ್ ಬರೆದ ಅಸಾಧ್ಯ ಕಟ್ಟಡಗಳ ಚಿತ್ರಗಳಿಂದ ಹುಟ್ಟಿದ ಕಲ್ಪನೆ. ಅವಸರವಿಲ್ಲ, ಗಡಿಯಾರವಿಲ್ಲ. ಹತ್ತೇ ಅಧ್ಯಾಯ, ಮುಗಿದರೆ ಮುಗಿಯಿತು. ಕೀಲುನೋವಿನ ಬೆರಳಿಗೆ ಇದಕ್ಕಿಂತ ಹಿತವಾದ ಆಟ ನಾನು ಕಾಣಲಿಲ್ಲ.

ಇನ್ನೊಂದು ‘ರಾಜಿ’, ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ತಂದದ್ದು. ಸರ್ಕಸ್ಸಿನ ಹುಡುಗಿ ರಾಜಿ, ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿಕೊಂಡು ಹೊರಡುತ್ತಾಳೆ. ರಾಜಸ್ಥಾನದ ಕೋಟೆಗಳಂಥ ಕಟ್ಟಡಗಳು, ಕಥೆ ಹೇಳುವವರು ವಿಷ್ಣು ಮತ್ತು ದುರ್ಗೆ. ಹಿಂದಿನ ಕಥೆ ಬಂದಾಗಲೆಲ್ಲ ಪರದೆಯ ಮೇಲೆ ನೆರಳುಗೊಂಬೆಗಳು ಆಡುತ್ತವೆ. ತೊಗಲುಗೊಂಬೆಯವರು ಬಿಳಿ ಪಂಚೆ ಕಟ್ಟಿ, ಹಿಂದೆ ದೀಪ ಇಟ್ಟು ಬೆಳಗಿನ ಜಾವದ ತನಕ ಆಡಿಸುತ್ತಿದ್ದುದನ್ನು ಮೊಮ್ಮಕ್ಕಳಿಗೆ ಹೇಳಿದೆ. ತ್ರಿಶೂಲದ ಕಾಳಗ ನನ್ನ ಬೆರಳಿಗೆ ಒಗ್ಗದು. ಕಾಳಗ ಮೊಮ್ಮಗನಿಗೆ, ತಿರುಗಿಸಿ ಹೊಂದಿಸುವ ಮಂಡಲಗಳು ನನಗೆ ಎಂದು ಹಂಚಿಕೊಂಡೆವು. ನಾವು ಆಡಿದ್ದು ಇಂಗ್ಲಿಷಿನಲ್ಲಿ. ದುರ್ಗೆಯ ಬಾಯಲ್ಲಿ ಇಂಗ್ಲಿಷ್ ಕೇಳುವುದು ಸ್ವಲ್ಪ ಕಸಿವಿಸಿ. ಇಂಥದ್ದೊಂದು ಕನ್ನಡದಲ್ಲಿ, ನಮ್ಮ ಯಕ್ಷಗಾನದ ವೇಷದಲ್ಲಿ ಬಂದರೆ ನಾನು ದುಡ್ಡು ಕೊಟ್ಟು ಕೊಳ್ಳುತ್ತೇನೆ.

ಕೊನೆಗೆ ಉಳಿದದ್ದು ಮೊಮ್ಮಗನ ಫೋನಿನ ಆಟ. ನೂರು ಜನ ಪ್ಯಾರಾಚೂಟಿನಲ್ಲಿ ಒಂದು ದ್ವೀಪಕ್ಕೆ ಇಳಿದು, ಬಂದೂಕು ಹುಡುಕಿ, ಒಬ್ಬರನ್ನೊಬ್ಬರು ಹೊಡೆದು, ಕೊನೆಗೆ ಉಳಿದ ತಂಡ ಗೆಲ್ಲುವಂಥದ್ದು. ಮನೆಯ ಜಗಳದ ಮೂಲ ಇದೇ. “ಊಟಕ್ಕೆ ಬಾರೋ” ಎಂದರೆ “ಬಂದೆ, ಇದನ್ನ ನಿಲ್ಸಕ್ಕಾಗಲ್ಲ ಅಜ್ಜಿ” ಎನ್ನುತ್ತಿದ್ದ. ನೆಪ ಎಂದು ಅವನಮ್ಮ ಫೋನು ಕಿತ್ತುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತು ನೋಡಿದ ಮೇಲೆ ತಿಳಿಯಿತು, ಅದು ನೆಪವಲ್ಲ. ಹಾವಿನ ಆಟದಲ್ಲಿ ಆಡುವವರು ಒಬ್ಬರೇ, ಎದ್ದು ಹೋಗಬಹುದು. ಇಲ್ಲಿ ಉಳಿದ ತೊಂಬತ್ತೊಂಬತ್ತು ಜನ ಬೇರೆ ಬೇರೆ ಊರುಗಳಲ್ಲಿ ಆಡುತ್ತಿರುತ್ತಾರೆ. ನಮ್ಮ ಸಾರು ಆರುತ್ತದೆಂದು ಅವರು ನಿಲ್ಲುವುದಿಲ್ಲ. ನಡುವೆ ಎದ್ದರೆ ಅವನ ತಂಡದ ಮೂವರು ಸೋಲುತ್ತಾರೆ. ಒಂದು ಪಂದ್ಯ ಅರ್ಧ ಗಂಟೆ. ಮಾರನೆಯ ದಿನದಿಂದ ಪಂದ್ಯ ಶುರುವಾಗುವ ಮುಂಚೆಯೇ “ಊಟಕ್ಕೆ ಇಪ್ಪತ್ತು ನಿಮಿಷ ಇದೆ, ಶುರು ಮಾಡ್ಬೇಡ” ಎಂದು ಹೇಳತೊಡಗಿದೆ. ಊಟದ ಜಗಳ ನಿಂತಿತು.

ಆದರೆ ಆ ಮೂವರು ಯಾರು? ಒಂದು ಸಂಜೆ ಹೆಡ್‌ಫೋನ್ ತೆಗೆಸಿ ಕೇಳಿದೆ. ಅಳಿಯನಿಗೆ ವರ್ಗವಾಗಿ ಬೆಂಗಳೂರಿಗೆ ಬರುವ ಮುಂಚೆ ಇವರು ಧಾರವಾಡದಲ್ಲಿದ್ದರು. ಮೂವರೂ ಅಲ್ಲಿನ ಶಾಲೆಯ ಗೆಳೆಯರು. ಆಟದಲ್ಲಿ ಒಂದು ಮುರುಕು ಮನೆಯೊಳಗೆ ನಾಲ್ವರೂ ಅಡಗಿದ್ದಾರೆ, ಹೊರಗೆ ಗುಂಡಿನ ಸದ್ದು. ಒಳಗೆ ಒಬ್ಬ, “ನಮ್ಮಪ್ಪನ್ನ ನಿನ್ನೆ ದವಾಖಾನಿಯಿಂದ ಮನಿಗೆ ಕರಕೊಂಡ ಬಂದ್ವಲೇ” ಎನ್ನುತ್ತಿದ್ದಾನೆ. ಇನ್ನೊಬ್ಬ, “ಈಗ ಉಣ್ಣಾಕತ್ತಾರೇನು?” ಎಂದು ಕೇಳುತ್ತಿದ್ದಾನೆ. ನಮ್ಮ ಹುಡುಗ ಬೆಂಗಳೂರಿಗೆ ಬಂದ ಮೇಲೆ ಮಾತು ಕಡಿಮೆ ಮಾಡಿದ್ದಾನೆ ಎಂದು ಮಗಳು ಹೇಳುತ್ತಿದ್ದಳು. ಅವನ ಮಾತೆಲ್ಲ ಇಲ್ಲಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಎಂಬುದು ಸೇರಿದೆ, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅಲ್ಲಿ ಗಂಟೆಗಳ ಲೆಕ್ಕವಿಲ್ಲ. ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗಿರಬೇಕು, ಕೆಡುಕಾಗುತ್ತಿದ್ದರೂ ಬಿಡಲಾಗದಿರಬೇಕು, ಸಾಮಾನ್ಯವಾಗಿ ವರ್ಷದಷ್ಟು ಕಾಲ ಹೀಗಿರಬೇಕು. ಮೊಮ್ಮಗ ಊಟ ಮಾಡುತ್ತಿದ್ದ, ನಿದ್ದೆ ಮಾಡುತ್ತಿದ್ದ, ನನ್ನ ಜೊತೆ ಆಯತ ತುಂಬಿಸಲು ಕೂರುತ್ತಿದ್ದ. ಅವನಿಗೆ ರೋಗದ ಹೆಸರು ಹಚ್ಚಲು ನಾನು ತಯಾರಿರಲಿಲ್ಲ. ಹಾಗೆಂದು ಆಟದ ಪುಟದಲ್ಲೇ 16+ ಎಂದು ಬರೆದಿದೆ, ಅವನಿಗೆ ಹದಿಮೂರು. ಅಪರಿಚಿತರು ಮಧ್ಯೆ ಬಂದು ಆಡುವ ಮಾತುಗಳನ್ನು ನಾನೇ ಕೇಳಿದೆ, ಇಲ್ಲಿ ಬರೆಯುವಂಥವಲ್ಲ. ಮಗಳಿಗೆ, “ಇದು ಹೋಗಬೇಕು” ಎಂದೆ. “ಆ ಮೂರು ಹುಡುಗರು ಹೋಗಬಾರದು” ಎಂದೂ ಹೇಳಿದೆ. ಮೊಮ್ಮಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅಂಕಪಟ್ಟಿ ಕೈಗೆ ಕೊಟ್ಟಾಗ ಬಿಗಿದ ಮುಖಗಳನ್ನು ಬಹಳ ನೋಡಿದ್ದೇನೆ, ಆದರೆ ಮನೆಯೊಳಗೇ ನೋಡುವುದು ಬೇರೆ.

ಮಗಳು ಧಾರವಾಡದ ತಾಯಂದಿರಿಗೆ ಫೋನು ಮಾಡಿದಳು. ಮಾತುಕತೆಯಾಗಿ ಇಬ್ಬರು ಒಪ್ಪಿದರು. ಈಗ ಮೂವರು ಹುಡುಗರು ‘ಮೈನ್‌ಕ್ರಾಫ್ಟ್’ ಆಡುತ್ತಾರೆ. ಸ್ವೀಡನ್ನಿನಲ್ಲಿ ಹುಟ್ಟಿ 2011ರಲ್ಲಿ ಪೂರ್ಣ ರೂಪದಲ್ಲಿ ಬಂದ ಆಟ, 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಲೋಕವೆಲ್ಲ ಒಂದೊಂದು ಮೀಟರಿನ ಘನಗಳಿಂದಾದದ್ದು. ಅಗೆಯಬಹುದು, ಕಟ್ಟಬಹುದು. ಒಮ್ಮೆ ಕೊಂಡರೆ ಆಡುವುದಕ್ಕೆ ಮತ್ತೆ ಕೊಡಬೇಕಿಲ್ಲ. ಒಳಗೆ ಅಂಗಡಿಯೊಂದಿದೆ, ಆದರೆ ಅದರ ಬಾಗಿಲಿಗೆ ಹೋಗದೆಯೇ ಆಡಬಹುದು. ತಮ್ಮದೇ ಲೋಕ ಮಾಡಿಕೊಂಡರೆ ಕರೆದವರು ಮಾತ್ರ ಬರುತ್ತಾರೆ. ಬಿಟ್ಟು ಎದ್ದು ಹೋದರೂ ಕಟ್ಟಿದ್ದು ಅಲ್ಲೇ ಇರುತ್ತದೆ.

ಅವರು ಕಟ್ಟುತ್ತಿರುವುದು ಧಾರವಾಡದ ತಮ್ಮ ಹಳೆಯ ಶಾಲೆಯನ್ನು. ಪ್ರಾರ್ಥನೆಯ ಅಂಗಳ, ನಲ್ಲಿಗಳ ಸಾಲು, ಹುಣಸೆಮರ ಮುಗಿದಿವೆ. ನಿನ್ನೆ ಸಂಜೆ ಹೆಡ್‌ಮಾಸ್ತರ ಕೋಣೆಗೆ ಬಂದರು. “ಆರ ಕಿಟಕಿ ಅದಾವಲೇ” ಎಂದು ಒಬ್ಬ, “ಏಳು, ನಾ ಹೊರಗ ನಿಂತು ಎಣಿಸೀನಿ” ಎಂದು ಇನ್ನೊಬ್ಬ. ನಮ್ಮವನು, “ಅವನ್ನ ಕೇಳ್ರಲೇ, ಅವ್ನೇ ಜಾಸ್ತಿ ಸಲ ಹೊರಗ ನಿಂತಾನ” ಎಂದ. ನಾಲ್ಕನೆಯ ಹುಡುಗ ಇನ್ನೂ ಹಳೆಯ ಆಟದಲ್ಲೇ ಇದ್ದಾನೆ. ಕಿಟಕಿ ಎಷ್ಟೆಂದು ಕೇಳಿ ಮೂವರೂ ಅವನಿಗೆ ಸಂದೇಶ ಕಳಿಸಿದ್ದಾರೆ. ಉತ್ತರ ಬರುವ ತನಕ ಆ ಗೋಡೆಯನ್ನು ಹಾಗೇ ಬಿಟ್ಟಿದ್ದಾರೆ.